ಮೂರನೇ ಪಿನ್ನು

ಕರೆಂಟು ಹೋದ ಮಧ್ಯಾಹ್ನ ಬಂದರು
ಪಾಲಾಕ್ಷಮ್ಮ ಸಿಸ್ಟರು.
ಜಿಲ್ಲಾಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ರಾತ್ರಿಪಾಳಿ ಮಾಡಿ
ಹಗಲಲ್ಲೂ ಮೆಲ್ಲಗೆ ಹೆಜ್ಜೆ ಇಡುವವರು.
ಸಂತೇಪೇಟೆಯ ನನ್ನ ಅಂಗಡಿಗೆ ಮೂರು ಮೆಟ್ಟಿಲು;
ಎರಡಕ್ಕೇ ಉಸಿರು ಸಿಕ್ಕಿ ನಿಂತರು.

'ಚಮನ್ ಸಾಬ್ರೇ, ಹಡಗಿಗೆ ಹೋಗ್ತಿದೀನಿ.'

ನನ್ನ ಕೈಯಲ್ಲಿ ಯಾರದೋ ಮಿಕ್ಸಿಯ ಆರ್ಮೇಚರ್ ಇತ್ತು,
ಬಹಳ ಹೊತ್ತು ಹಾಗೇ ಇತ್ತು.

ನಾಲ್ವರು ನರ್ಸಮ್ಮಂದಿರು ಚೀಟಿ ಹಾಕಿ ಕೂಡಿಸಿದ ದುಡ್ಡಂತೆ.
ಮುಂಬಯಿಯಿಂದ ನಾಲ್ಕು ರಾತ್ರಿ,
ಒಂದೇ ಕೋಣೆ, ಗುಂಡು ಕಿಟಕಿ, ಗೋಡೆಗೆ ಮಡಚುವ ಮಂಚ.
ಫೋನಿನ ಫೋಟೋ ಬೆರಳಲ್ಲಿ ಹಿಗ್ಗಿಸಿದರು:
ಕನ್ನಡಿಯ ಕೆಳಗೆ ಎರಡೇ ಎರಡು ಸಾಕೆಟ್ಟು.
ಒಂದಕ್ಕೆ ಸೀಳುಗಣ್ಣು, ಈಗಷ್ಟೇ ಹುಟ್ಟಿದ ಕೂಸಿನ ಹಾಗೆ.
ಇನ್ನೊಂದು ಗುಂಡಗೆ ಒಳಸರಿದು, ಎರಡು ತೂತು.
'ಹಂದಿ ಮೂತಿ' ಎಂದು ಅವರೇ ನಕ್ಕರು.
'ನನ್ನ ಉಸಿರಿನ ಮಿಷನ್ನು ಇದರಲ್ಲಿ ಕೂರುತ್ತಾ?'

ಮಲಗುವಾಗ ಮೂಗಿಗೆ ಕಟ್ಟುವ ಮಿಷನ್ನು.
ಎಷ್ಟು ಮೂಗಿಗೆ ಕೊಳವೆ ಇಟ್ಟ ಕೈಯೋ
ಈಗ ತನ್ನದಕ್ಕೆ ತಾನೇ ಇಡುತ್ತದೆ.

ಕೆಟಲ್ ಒಯ್ಯುವಂತಿಲ್ಲ, ಇಸ್ತ್ರಿಪೆಟ್ಟಿಗೆ ಒಯ್ಯುವಂತಿಲ್ಲ,
ಎಕ್ಸ್‌ಟೆನ್ಷನ್ ಬಾಕ್ಸು ಕಂಡರೆ ಬಾಗಿಲಲ್ಲೇ ಕಿತ್ತಿಡುತ್ತಾರಂತೆ.
'ನಾಲ್ಕು ಫೋನು, ಒಂದು ಉಸಿರು.
ಪಾಳಿ ಹಾಕಬೇಕು.'
ಡ್ಯೂಟಿ ಚಾರ್ಟು ಬರೆದೇ ತಂದಿದ್ದರು, ಕೆಂಪು ಶಾಯಿಯಲ್ಲಿ.

ಬಿಸ್ಕತ್ತಿನ ಡಬ್ಬ ಕೌಂಟರಿನ ಮೇಲೆ ಸುರಿದೆ.
ಹಜ್‌ನಿಂದ ಬಂದವರು ಬಿಟ್ಟುಹೋದ ಅಡಾಪ್ಟರುಗಳು,
ದಪ್ಪ ಕಾಲಿನವು, ಚಪ್ಪಟೆ ಕಾಲಿನವು,
ಯಾವ ದೇಶದ್ದೋ ಓರೆಗಾಲಿನದೊಂದು.
ಕೊನೆಗೆ ಮೂತಿಗೆ ಹೊಂದುವಂಥದ್ದು ಸಿಕ್ಕಿತು.
ಅದಕ್ಕೆ ಎರಡೇ ಕಾಲು.

'ನಮ್ಮದರ ಮೂರನೆಯದು ಏನಕ್ಕೆ?'
'ಅದು ಅರ್ಥಿಂಗು.'
'ಇಲ್ಲದಿದ್ದರೆ ನಡೆಯಲ್ವಾ?'
'ನಡೆಯುತ್ತೆ ಸಿಸ್ಟರ್. ಏನೂ ಆಗದ ದಿನ ಎಲ್ಲವೂ ನಡೆಯುತ್ತೆ.'

ಸುಮ್ಮನಾದರು. ಆಮೇಲೆ ಕೇಳಿದರು:
'ಅಲ್ಲಿ ನೆಲವೇ ಇಲ್ಲವಲ್ಲ ಸಾಬ್ರೇ,
ಅರ್ಥಿಂಗು ಎಲ್ಲಿಗೆ ಹೋಗುತ್ತೆ?'

ಈ ದುರ್ಗದಲ್ಲಿ ಅರ್ಥಿಂಗ್ ಮಾಡುವುದೆಂದರೆ ಬಂಡೆಯ ಜೊತೆ ಜಗಳ.
ಮೂರಡಿಗೆ ಹಾರೆ ಕಿಡಿ ಕಾರುತ್ತದೆ.
ಬೆಟ್ಟ ಕಣ್ಣಿಗೆ ಕಾಣುವಷ್ಟೇ ಅಲ್ಲ,
ಪ್ರತಿ ಮನೆಯ ಅಡಿಗೂ ಕಾಲು ಚಾಚಿ ಮಲಗಿದೆ.
ಅಬ್ಬಾ ಹೇಳಿಕೊಟ್ಟಿದ್ದರು:
ಇದ್ದಿಲು ಒಂದು ಪದರ, ಕಲ್ಲುಪ್ಪು ಒಂದು ಪದರ,
ನಡುವೆ ತಾಮ್ರದ ಪಟ್ಟಿ,
ಮೇಲೆ ವಾರಕ್ಕೊಂದು ಕೊಡ ನೀರು.
ಒಣಗಿದ ಗುಂಡಿ ಯಾರನ್ನೂ ಕಾಯುವುದಿಲ್ಲ.

ಹೆರಿಗೆ ವಾರ್ಡಿನ ಹಿಂದಿನದು ನಾನೇ ತೋಡಿದ ಗುಂಡಿ.
ನೀರು ಹಾಕಲು ಯಾರಿಗೂ ನೆನಪಿರುತ್ತಿರಲಿಲ್ಲ.
ಪಾಳಿ ಮುಗಿಸಿ ಹೋಗುವಾಗ ಈಕೆ
ಒಂದು ಬಕೆಟ್ ಸುರಿದು ಹೋಗುತ್ತಿದ್ದರು,
ಗಿಡ ಎಂದುಕೊಂಡಿದ್ದರೋ ಏನೋ.
ಕೇಳಲಿಲ್ಲ ಯಾವತ್ತೂ.

'ಹಡಗಿನ ಮೈಯೆಲ್ಲ ಕಬ್ಬಿಣ' ಎಂದೆ, ಕಂಡವನಂತೆ.
ನಾನು ಕಂಡ ದೊಡ್ಡ ನೀರು
ಕೋಡಿಬಿದ್ದ ವರ್ಷದ ಮಾರಿಕಣಿವೆ.
'ಆ ಕಬ್ಬಿಣ ನಿಂತಿರೋದು ಉಪ್ಪುನೀರಲ್ಲಿ.
ನಾವು ಗುಂಡಿಗೆ ಮುಷ್ಟಿಮುಷ್ಟಿ ಹಾಕೋದನ್ನ
ಅಲ್ಲಿ ಯಾರೋ ಮೊದಲೇ ಕಲಸಿಟ್ಟಿದ್ದಾರೆ.
ಇಡೀ ಹಡಗೇ ಮೂರನೇ ಪಿನ್ನು.'

ರಾತ್ರಿ ಮೊಮ್ಮಗಳ ಫೋನಲ್ಲಿ ಹುಡುಕಿಸಿದೆ.
ಸುಮಾರು ನಿಜವೇ ಹೇಳಿದ್ದೆ.
ಆದರೂ ಎರಡು ಕಾಲಿನದನ್ನು ಕೊಡಲು ಕೈ ಬರಲಿಲ್ಲ.
ಪಕ್ಕದಲ್ಲಿ ಲೋಹದ ಪಟ್ಟಿ ಇರುವ ಅಡಾಪ್ಟರು
ಗುರುವಾರದ ಬಸ್ಸಿನ ಪಾರ್ಸಲ್ಲಿನಲ್ಲಿ ಬಂತು.
ನೂರಾ ಎಂಬತ್ತು. ಚೌಕಾಸಿ ಮಾಡಿ ನೂರೈವತ್ತು ಕೊಟ್ಟರು.

ಬುಧವಾರ ರಾತ್ರಿ ಒಂದು ಫೋಟೋ ಬಂತು.
ಮೂತಿಯಲ್ಲಿ ಅಡಾಪ್ಟರು, ಮಿಷನ್ನಿನ ಹಸಿರು ದೀಪ,
ಗುಂಡು ಕಿಟಕಿಯ ತುಂಬ ಕಪ್ಪು.
ಕೆಳಗೆ ಒಂದೇ ಮಾತು: 'ಕೂತಿದೆ.'

ಏನು ಬರೆಯುವುದೋ ತಿಳಿಯಲಿಲ್ಲ.
ಎದ್ದು ಹಿತ್ತಲಿಗೆ ಹೋಗಿ
ಗುಂಡಿಗೆ ಒಂದು ಕೊಡ ನೀರು ಹಾಕಿದೆ,
ಸೋಮವಾರವಷ್ಟೇ ಹಾಕಿದ್ದೆ.