ನಾಲ್ಕು ಸಾವಿರದ ಮೇಲೆ

ರಾಯಬಾಗದ ಸಕ್ಕರೆ ಕಾರ್ಖಾನೆಯಿಂದ ಬಂದ ಪಂಪು
ಉದ್ಯಮಬಾಗದ ನಮ್ಮ ಶೆಡ್ಡಿನಲ್ಲಿ, ಒಂದನೇ ಬೆಂಚಿನ ಮೇಲೆ.
ನನ್ನ ಸೆನ್ಸರು ಅಯಸ್ಕಾಂತದ ಪಾದ ಊರಿ
ಟಕ್ಕನೆ ಅಂಟುತ್ತದೆ ಅದರ ಬೆನ್ನಿಗೆ,
ಎಮ್ಮೆಯ ಮೈಗೆ ಉಣ್ಣೆ ಕಚ್ಚಿದ ಹಾಗೆ.

ಒಂಬತ್ತು ಪಿಸ್ಟನ್ನು,
ನಿಮಿಷಕ್ಕೆ ಸಾವಿರದ ನಾನೂರೈವತ್ತು ಸುತ್ತು.
ಗುಣಿಸಿ, ಅರವತ್ತರಿಂದ ಭಾಗಿಸಿದರೆ ಇನ್ನೂರ ಹದಿನೇಳೂವರೆ.
ಪರದೆಯ ಮೇಲೆ ಸರಿಯಾಗಿ ಅಲ್ಲೇ ಎದ್ದು ನಿಂತಿದೆ ಗೆರೆ.
ರೋಗವಲ್ಲ ಅದು, ಉಸಿರು.

ಮಕ್ತುಂಸಾಬರು ಪರದೆಯತ್ತ ನೋಡುವುದಿಲ್ಲ.
ಒಂದಡಿ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮನೆಗೊತ್ತಿ
ಹಿಡಿಕೆಯನ್ನು ಕಚ್ಚುತ್ತಾರೆ.
ಹಳದಿ ಹಿಡಿಕೆಯ ತುಂಬ
ಮೂವತ್ತೊಂದು ವರ್ಷದ ಹಲ್ಲಿನ ಗುರುತು.
ಕಣ್ಣು ಮುಚ್ಚಿ ತುಸು ಹೊತ್ತು.
ಆಮೇಲೆ ಬಾಯಿಂದ ತೆಗೆದು, ಅಂಗಿಗೆ ಒರೆಸಿ,
'ಏನಿಲ್ಲ ಯವ್ವಾ. ತಣ್ಣಗ ಐತಿ. ಪಾಸ್ ಅಂತ ಬರಕೋ.'

ನಾನು ಬರೆಯಲಿಲ್ಲ.
ಕೆಳಗೆಲ್ಲ ತಣ್ಣಗೇ ಇತ್ತು, ನಿಜ.
ನಾಲ್ಕು ಸಾವಿರದ ಮೇಲೆ ಮಾತ್ರ
ಗೆರೆಗಳು ಹುಲ್ಲಿನಂತೆ ಚಿಗುರಿದ್ದವು,
ಒತ್ತೊತ್ತಾಗಿ, ಸಣ್ಣಗೆ,
ಸುತ್ತಿನ ಯಾವ ಲೆಕ್ಕಕ್ಕೂ ಬಗ್ಗದೆ.

'ಅದಕ್ಕ ಕೇಳೂದು ನನಗ್ಯಾಕ ಕೇಳವಲ್ದು?'
ಸಿಟ್ಟಿರಲಿಲ್ಲ ದನಿಯಲ್ಲಿ.
ಅವರ ಟೂಲ್ ಬಾಕ್ಸಿನ ತಳದಲ್ಲೊಂದು ಕಾಗದ ಇದೆ, ನಾಲ್ಕು ಮಡಿಕೆ,
ಹೋದ ವರ್ಷ ಕಿವಿ ತಪಾಸಣೆಯವರು ಕೊಟ್ಟದ್ದು.
ಒಮ್ಮೆ ಸ್ಪ್ಯಾನರು ಹುಡುಕುವಾಗ ನೋಡಿದ್ದೆ:
ನೆಟ್ಟಗೆ ಬರುವ ಗೆರೆ ನಾಲ್ಕು ಸಾವಿರದ ಹತ್ತಿರ
ಬಾವಿಗೆ ಬಿದ್ದಿತ್ತು.

ದನಿಯನ್ನು ಹಿಡಿದು ಹದಿನಾರು ಪಟ್ಟು ನಿಧಾನಿಸಿದೆ.
ಟೊಪ್ಪಿಗೆಯ ಮೇಲೆಯೇ ಹೆಡ್‌ಫೋನು ಕೂರಿಸಿದೆ.
ಮೊದಲು ಏನೂ ಇಲ್ಲ. ಮೀಸೆ ತೀಡಿದರು.
ಆಮೇಲೆ ಬೆರಳು ತಾನಾಗಿಯೇ ಬೆಂಚಿನ ಮೇಲೆ
ಕುಟ್ಟತೊಡಗಿತು, ಸೆಕೆಂಡಿಗೆ ಐದು, ಇನ್ನೂ ಚೂರು.
'ಹೊರಬಳಿ. ಹೊರಬಳ್ಯಾಗ ಕುಳಿ ಬಿದ್ದೈತಿ ನೋಡು.
ಜ್ವಾಳದ ಕಾಳಿನಷ್ಟು.'

ಬಿಚ್ಚಿದೆವು.
ಜೋಳವಲ್ಲ, ಸಾಸಿವೆ.
ಉಗುರು ಆಡಿಸಿ ಆಡಿಸಿ ನೋಡಿದರು,
ಹೊಸ ಬೇರಿಂಗಿಗೆ ಚೀಟಿ ಬರೆಸಿದರು.

ಸಂಜೆ ಚಹಾದ ಹೊತ್ತಿಗೆ, ಬಸಿಯಲ್ಲಿ ಸುರುವಿಕೊಂಡು, ಕುಡಿಯದೆ,
'ಹಂಗಾದ್ರ ಜೀರುಂಡಿ?' ಅಂದರು.
'ನಾ ಬಂದ ಹೊಸದಾಗ ಮಜಗಾವಿ ಕಡೆ ಗ್ವಾಡಿಗುಂಟ
ಕಿವಿ ಹರೀತಿದ್ವು.
ಭಟ್ಟಿ ಹೊಗಿಗೆ ಎಲ್ಲಾ ಸತ್ತು ಹೋದ್ವು ಅಂತ
ಮಂದಿಗೆ ಹೇಳಕೋತ ಬಂದೀನಲ್ಲ ನಾನು.'

ಗೋಡೆಯಾಚೆ ಫೌಂಡ್ರಿಯವರು ಸುರಿದ ಕರಿ ಮರಳಿನ ದಿಬ್ಬ,
ಅದರ ಮೇಲೆ ಹುಲ್ಲು,
ಹುಲ್ಲಿನೊಳಗೆ ಅವು, ಆಗಲೂ, ಒಂದೇ ಸಮ.
ನಾನು ಎದ್ದು ಹೋದೆ.
ಕೈಯಲ್ಲಿದ್ದದ್ದು ಸೆನ್ಸರು.
ಹುಲ್ಲಿಗೆ ಅಯಸ್ಕಾಂತ ಅಂಟುವುದಿಲ್ಲ.
ಫೋನು ತೆಗೆದು ಮರಳಿನಲ್ಲಿ ನಿಲ್ಲಿಸಿ
ಎರಡನೇ ಬೆಂಚಿನ ಹುಡುಗರಿಗೆ ಕೂಗಿದೆ:
ಒಂದ ನಿಮಿಷ ಪಂಪ್ ಬಂದ್ ಮಾಡ್ರೋ.