ಹದಿನೇಳನೆಯ ದಿನದ ಕೊತ್ತಂಬರಿ

ಕೊಟ್ರಬಸಮ್ಮ ಡಬ್ಬಿ ತಂದಳು, ಮೂರು ಕಂತು.
ತಳದಲ್ಲಿ ಜಾಲರಿ, ನೆತ್ತಿಯಲ್ಲಿ ತಿರುಗಣಿ.
ಸೊಪ್ಪಿಗೆ ಅರ್ಧ ತೆರೀರಿ, ಕಾಯಿಗೆ ಪೂರ್ತಿ,
ಬಾಳೆಹಣ್ಣಿಟ್ಟರೆ ಮಾತ್ರ ನನ್ನ ಕೇಳಬೇಡಿ, ಅಂದಳು.
ಜೊತೆಗೆ ನಾಲ್ಕು ಹಸಿರು ಚೀಲ ಪುಕ್ಕಟೆ,
ಕರ್ಪೂರದ ಪೊಟ್ಟಣದಷ್ಟು ಒಂದು ಪುಡಿ:
ಹಣ್ಣು ಬಿಡುವ ಉಸಿರನ್ನು ಅದು ಕುಡಿಯುತ್ತದಂತೆ.

ನಾನು ಹಾಗೆಲ್ಲ ನಂಬುವವಳಲ್ಲ. ಇಪ್ಪತ್ತೊಂಬತ್ತು ವರ್ಷ
ಕಾಲೇಜಿನ ಲ್ಯಾಬಿನಲ್ಲಿ ಬ್ಯೂರೆಟ್ ತೊಳೆದವಳು.
ಮೇ ತಿಂಗಳು. ದಾವಣಗೆರೆ ಬಿಸಿಲು
ಅಡುಗೆಮನೆಗೂ ಬಂದು ಕೂತಿತ್ತು.
ಒಂದೇ ಬುಟ್ಟಿಯ ನಾಲ್ಕು ಕಟ್ಟು ಕೊತ್ತಂಬರಿ,
ಬೇರು ಕೊಯ್ದು, ಫ್ಯಾನಿನಡಿ ಹರವಿ,
ಡಬ್ಬಿಗೊಂದು, ಚೀಲಕ್ಕೊಂದು, ಪೇಪರಿಗೊಂದು,
ನೀರಿನ ಲೋಟಕ್ಕೊಂದು. ಫ್ರಿಜ್ಜಿನ ಒಂದೇ ಅಂಕಣ.
ಟೇಪು ಅಂಟಿಸಿ ತಾರೀಖು ಬರೆದೆ.
"ಚಟ್ನಿಗೂ ಮುಹೂರ್ತ ಇದೆಯೇನು?"
ಇವರ ಕೊಂಕು.

ಲೋಟದ್ದು ಐದಕ್ಕೇ ನಾತ ಹಿಡಿಯಿತು.
ಪೇಪರಿನದು ಏಳು; ಮೆತ್ತಗಾದ ಎಲೆಯ ಮೇಲೆ
ಮೆಕ್ಕೆಜೋಳದ ಧಾರಣೆ ತಿರುಗುಮುರುಗಾಗಿ ಅಚ್ಚಾಗಿತ್ತು.
ಹಸಿರು ಚೀಲ ಹನ್ನೊಂದು. ಒಳಗೆಲ್ಲ ಬೆವರು, ಲೋಳೆ,
ಮೂಗು ಮುಚ್ಚಿ ಎಸೆದೆ.
ಡಬ್ಬಿಯದು ಮಾತ್ರ
ಹದಿನೇಳನೆಯ ಬೆಳಿಗ್ಗೆ ಮುಚ್ಚಳ ತೆಗೆದರೆ
ಮೊದಲ ದಿನದ್ದೇ ಘಮ.
ಒಪ್ಪಿಕೊಂಡೆ. ವಹಿಯಲ್ಲಿ ಬರೆದೂ ಇಟ್ಟೆ.

ಅಷ್ಟರಲ್ಲಿ ಜೈತುನಬಿ ಗಾಡಿ ನಿಲ್ಲಿಸಿ ಗೇಟು ಬಡಿದಳು.
"ಅಕ್ಕಾರ, ಆರಾಮಿಲ್ಲೇನ್ರೀ? ಹದಿನೈದು ದಿನ ಆತು,
ಸೊಪ್ಪೂ ಅಂತ ಕೂಗಿದ್ರೂ ಹೊರಗ ಬರವಲ್ರಿ."
ಡಬ್ಬಿ ತೋರಿಸಿದೆ. ತಿರುಗಣಿ ತಿರುಗಿಸಿದೆ, ಬೀಗುತ್ತ.
ಎರಡೆಲೆ ಕಿತ್ತು ಬಾಯಿಗೆ ಹಾಕಿಕೊಂಡಳು, ಅಗಿದಳು.
"ಹೌದು, ಜೀವ ಐತಿ" ಅಂದಳು.
ಮತ್ತೇನೂ ಅನ್ನಲಿಲ್ಲ. ತಕ್ಕಡಿ ಸರಪಳಿಯ ಸಿಕ್ಕು
ಬಿಡಿಸುತ್ತ ನಿಂತಳು.

ದಿನಕ್ಕೊಂದು ಕಟ್ಟು, ಕೊಸರಿಗೆ ಎರಡು ಹಸಿಮೆಣಸಿನಕಾಯಿ,
ಅವಳ ಮಗಳ ನರ್ಸಿಂಗ್ ಪರೀಕ್ಷೆ,
ಮಂಡಿಪೇಟೆಯಲ್ಲಿ ಯಾರು ಯಾರಿಗೆ ಬೈದರು:
ಇವಕ್ಕೆ ನನ್ನ ವಹಿಯಲ್ಲಿ ಕಾಲಂ ಇರಲಿಲ್ಲ.

ನೀನೂ ಒಂದು ಒಯ್ಯಿ, ಉಳಿದ ಸೊಪ್ಪಿಗೆ, ಅಂದೆ.
ನಕ್ಕಳು. "ಉಳಿದದ್ದು ಆಡಿಗೆ, ಅಕ್ಕಾರ.
ಅದು ತಾರೀಖು ಕೇಳಂಗಿಲ್ಲ."
ಆದರೂ ಒಯ್ದಳು, ಸಣ್ಣದನ್ನು.

ಆಷಾಢದ ಜಿಟಿಜಿಟಿಯಲ್ಲಿ ತಿರುಗಿ ತಂದಳು, ತುಂಬಿಸಿ.
ಮಂಡಕ್ಕಿ! ಭಟ್ಟಿಯ ಬಗಲಲ್ಲೇ ಅವಳ ಮನೆ.
"ತಿರುಗಣಿ ಪೂರಾ ಮುಚ್ಚಿದ್ದೆ. ಎಂಟು ದಿನ ಆತು, ನೋಡ್ರಿ."
ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡೆ.
ಆ ಸದ್ದಿಗೆ ಪಡಸಾಲೆಯಿಂದ ಇವರೂ ಎದ್ದು ಬಂದರು.
ಕೊಟ್ರಬಸಮ್ಮನ ಚೀಟಿಯಲ್ಲಿ
ಮಂಡಕ್ಕಿಯ ಸುದ್ದಿಯೇ ಇಲ್ಲ.

ಬರೆದೆ: ಮಂಡಕ್ಕಿ, ಎಂಟು ದಿನ, ಪಾಸು.
ಆಮೇಲೆ ಕೊತ್ತಂಬರಿ ಕೊಂಡೆ, ಒಂದೇ ಕಟ್ಟು,
ಇವತ್ತಿನ ಚಟ್ನಿಗೆ.
ಕೊಸರು ಕೇಳಿದೆ.
ಒಂದೇ ಮೆಣಸಿನಕಾಯಿ ಇಟ್ಟಳು. ರೇಟು ಏರಿದೆಯಂತೆ,
ನಾನು ಬರದಿದ್ದ ದಿನಗಳಲ್ಲಿ.