ಚೌಕಳಿ ಹಾಳೆ

ಕಟಿಂಗ್ ಟೇಬಲಿನ ತುದಿಗೆ ನಿಂತು
ಎಡಗಣ್ಣು ಮುಚ್ಚಿ, ಬಲಗಣ್ಣೊಂದರಲ್ಲೇ
ಗೆರೆಯ ನೇರ ನೋಡುವುದು
ನನ್ನ ಮೂವತ್ತೊಂಬತ್ತು ವರ್ಷದ ಚಟ.
ಅದೇ ಕಣ್ಣು ಕೈಕೊಟ್ಟಿತು.

ಮೊದಲು ಬಾಗಿದ್ದು ಸ್ಕೇಲು.
ಉಕ್ಕಿನದು, ಅಪ್ಪನ ಕಾಲದ್ದು,
ನಡುವೆ ಕೊಂಚ ಉಬ್ಬಿದ ಹಾಗೆ.
ಬಿಸಿಲಿಗಿರಬೇಕು ಅಂದುಕೊಂಡೆ;
ಬಳ್ಳಾರಿ ಬಿಸಿಲಿನ ಮೇಲೆ ಏನನ್ನಾದರೂ ಹೊರಿಸಬಹುದು.
ಆಮೇಲೆ ಟ್ಯೂಬ್‌ಲೈಟು, ಕಿಟಕಿಯ ಸರಳು,
ಕೌಲ್ ಬಜಾರಿನ ಕರೆಂಟು ಕಂಬ,
ಎಲ್ಲವೂ ಒಂದೇ ಜಾಗದಲ್ಲಿ ಸೊಂಟ ತಿರುವಿ ನಿಂತವು.
ನಾನೊಬ್ಬನೇ ನೆಟ್ಟಗಿದ್ದೆ, ನನ್ನ ಲೆಕ್ಕದಲ್ಲಿ.

ಉಬ್ಬಿದ್ದನ್ನು ತಿದ್ದಿ ತಿದ್ದಿ
ಎಂಬತ್ತು ಪದರ ಡೆನಿಮ್ಮಿನ ಮೇಲೆ ಗೆರೆ ಎಳೆದೆ.
ಮಷೀನು ನಾನು ಹೇಳಿದ ಹಾಗೇ ಕೊಯ್ದಿತು.
ಹೊಲಿದು, ಕಲ್ಲು ಹಾಕಿ ತಿರುಗಿಸಿ, ಒಗೆದು ತೆಗೆದರೆ
ಎಂಬತ್ತು ಪ್ಯಾಂಟಿನ ಬಲಗಾಲೂ
ಮೊಣಕಾಲ ಕೆಳಗೆ ತಿರುಚಿಕೊಂಡಿತ್ತು.
"ಯಾರು?" ಅಂದರು ಓನರು.
ಬಟ್ಟೆ ಹಾಸಿದವನು ಹೊನ್ನೂರ, ಅಂದೆ.
ಹತ್ತೊಂಬತ್ತರ ಹುಡುಗ. ಎರಡು ವಾರದ ಬಟವಾಡೆ ಹೋಯಿತು.
ಚೀಲ ಹೆಗಲಿಗೇರಿಸಿ ಹೊರಟವನ ಮುಖ ನೋಡಿದೆ.
ಮುಖವಿರಬೇಕಾದಲ್ಲಿ
ಎಣ್ಣೆ ಬಿದ್ದ ಕಾಗದದಂಥ ಮಸಕು;
ಸುತ್ತ ಕಿವಿ, ಕೂದಲು, ಅಂಗಿಯ ಕಾಲರು.

ಡಾಕ್ಟರಮ್ಮ ಪರದೆ ನನ್ನ ಕಡೆ ತಿರುಗಿಸಿದರು.
ಕಣ್ಣಿನ ಹಿಂಭಾಗವಂತೆ: ಪದರದ ಮೇಲೆ ಪದರ,
ನಡುವೆ ಅಡಿಯಿಂದೆದ್ದ ಒಂದು ಗುಳ್ಳೆ.
"ಸಣ್ಣ ರಕ್ತನಾಳ ಸೋರಿ ಕೆಳಗೆ ನೀರು ನಿಂತಿದೆ."
ಮತ್ತೇನೂ ಬಿಡಿಸಿ ಹೇಳಬೇಕಾಗಲಿಲ್ಲ.
ಹಾಸಿನ ಅಡಿ ಗಾಳಿ ಹೊಕ್ಕರೆ
ಮೇಲಿನ ಗೆರೆ ಏನಾಗುತ್ತದೆಂದು
ನನಗೆ ಹೇಳಿಕೊಡುವವರು ಈ ಊರಲ್ಲಿಲ್ಲ.

ಹನಿ ಬಿಟ್ಟರು. ರೆಪ್ಪೆಗೆ ಕ್ಲಿಪ್ಪು.
"ಕೆಳಗೆ ನೋಡಿ, ಮಾಸ್ತರೇ."
ಸೂಜಿ ಅಂದರೆ ನನಗೇನು ಹೊಸದೇ,
ಆದರೂ ಮಂಚದ ಅಂಚು ಹಿಡಿದ ಬೆರಳು
ಬೆಳ್ಳಗಾಗಿದ್ದವಂತೆ.
ನೋವಲ್ಲ, ಒಂದು ಒತ್ತು.
ಎರಡು ದಿನ ಕಣ್ಣೊಳಗೆ ಕರಿಗುಳ್ಳೆ ತೇಲಿತು.
ತಿಂಗಳಿಗೊಂದು. ಮೂರಾಯಿತು. ಆಮೇಲೆ ನಾಲ್ಕನೆಯದು.

ಕನ್ನಡಿಗೆ ಅಂಟಿಸಿದ ಚೌಕಳಿ ಹಾಳೆ, ನಡುವೆ ಚುಕ್ಕಿ.
ದಿನಾ ಚಹಾಕ್ಕೆ ಮುಂಚೆ
ಒಂದು ಕಣ್ಣು ಮುಚ್ಚಿ ಅದರೆದುರು ಹಾಜರಿ.
"ಇವತ್ತು ಹೆಂಗೈತ್ರಿ ಬಟ್ಟೆ?" ಸುಲೋಚನಾ ಒಳಗಿಂದ ಕೇಳುವಳು.
ಮೊದಲ ತಿಂಗಳು ಚುಕ್ಕಿಯೇ ಇರಲಿಲ್ಲ.
ಎರಡನೆಯ ತಿಂಗಳು ಚೌಕಗಳು
ಒಣಹಾಕಿದ ಲುಂಗಿಯ ಹಾಗೆ ಅಲುಗುತ್ತಿದ್ದವು.
ಒಂದು ಬುಧವಾರ ಗೆರೆ ನಿಂತಿತು.
ಪೂರ್ತಿ ಅಲ್ಲ. ಚುಕ್ಕಿಯ ಕೆಳಗೆ ಮೂರನೆಯ ಮನೆಯಲ್ಲಿ
ಇಸ್ತ್ರಿಗೆ ಬಗ್ಗದ ಮಡಿಕೆಯೊಂದು ಉಳಿದಿದೆ.
"ನೀರು ಒಣಗಿದೆ, ಕಲೆ ಇರುತ್ತೆ," ಅಂದರು ಡಾಕ್ಟರಮ್ಮ.

ಅದೇ ವಾರ ಗೋಡೌನಿನಲ್ಲಿ ತುಂಡುಗಳ ಮೂಟೆ ಬಿಚ್ಚಿದೆ.
ಮೇಲ್ಪದರದ ಚೂರೊಂದು ಸಿಕ್ಕಿತು,
ಅಂಚಿಗೆ ಇನ್ನೂ ನನ್ನ ಬಿಳಿ ಗೆರೆ.
ನಡುವೆ ಒಳಕ್ಕೆ ಬಿದ್ದಿತ್ತು,
ಯಾವ ಕಣ್ಣಿಗೂ ಕಾಣುವಷ್ಟು.

ಹೊನ್ನೂರ ಈಗ ಮೋತಿ ಸರ್ಕಲ್ ಹತ್ತಿರ ಮಿರ್ಚಿ ಬಂಡಿಯಲ್ಲಿದ್ದಾನೆ.
ಗೆರೆ ತಪ್ಪಿದ್ದು ನಂದು, ಅಂದೆ.
ಬಾಣಲೆಯಿಂದ ಕಣ್ಣೆತ್ತಲಿಲ್ಲ:
"ಅವತ್ತೇ ಹೇಳಿದ್ನೆಲ್ಲಾ. ಸ್ಕೇಲಿಲೆ ಕೈಮ್ಯಾಲೆ ಹೊಡದ್ರಿ."
ಮರೆತಿದ್ದೆ.
ಇಲ್ಲ, ಮರೆತಿರಲಿಲ್ಲ.
ಲಕೋಟೆ ಚಾಚಿದೆ. ಹಿಟ್ಟಿನ ಕೈ ಒರೆಸಿಕೊಂಡು ಎಣಿಸಿದ,
ಒಂದು ನೋಟು ಬಂಡಿಯ ದೀಪಕ್ಕೆ ಹಿಡಿದ.
"ನಾನೂರು ಕಮ್ಮಿ ಐತೆ ಮಾಸ್ತರ.
ಇದು ಐನೂರಲ್ಲ, ನೂರು."

ಜೇಬು ತಡಕಿದೆ. ಈ ಸಲ ಬೆರಳಲ್ಲೇ ಎಣಿಸಿ ಕೊಟ್ಟೆ.
ಆಮೇಲೆ ಅವನ ಮುಖ ನೋಡಿದೆ, ಬಲಗಣ್ಣೊಂದರಲ್ಲೇ.
ಹುಬ್ಬಿತ್ತು. ಮೂಗಿತ್ತು. ಮೂಗಿನ ಪಕ್ಕ
ಎಣ್ಣೆ ಸಿಡಿದ ಹೊಸ ಸುಟ್ಟಗುರುತು.
ನಗುತ್ತಿದ್ದನೋ ಇಲ್ಲವೋ,
ತುಟಿ ಬಿದ್ದದ್ದು ಸರಿಯಾಗಿ
ಆ ಮೂರನೆಯ ಮನೆಯಲ್ಲಿ.